ಪರದೆಯ ಮೇಲೆ ನಮ್ಮ ಹೊಲಿಗೆ ಟೀಚರ್

ಇದು 1963ನೇ ಇಸವಿಯ ದಸರಾ ರಜೆಯಲ್ಲಿ ನಡೆದದ್ದು. ನನಗಾಗ ಇಪ್ಪತ್ತಮೂರು ವರ್ಷ. ಊರು ಮೂಡುಬಿದಿರೆಯಾದರೂ ಕೆಲಸ ಮುಂಡಾಜೆಯ ಒಂದು ಶಾಲೆಯಲ್ಲಿ. ಅಲ್ಲಿ ಅಂಗಡಿಯವರೊಬ್ಬರ ಮನೆಯ ಹೊರಗಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಆ ವರ್ಷ ಜನವರಿಯಿಂದ ನನ್ನ ಜೊತೆ ಕೋಣೆಯಲ್ಲಿ ಇನ್ನೊಬ್ಬರು ಇದ್ದರು. ಹೊಸದಾಗಿ ಬಂದ ಹೊಲಿಗೆ ಟೀಚರ್ ಕಮಲಾಕ್ಷಿ.

ಕಮಲಾಕ್ಷಿ ಟೀಚರ್ ನನಗಿಂತ ಒಂದು ವರ್ಷಕ್ಕೆ ಚಿಕ್ಕವರು. ಬೊಂಬಾಯಿಯಲ್ಲಿ ಬೆಳೆದವರು. ತಂದೆ ಅಲ್ಲಿ ಹೋಟೆಲಿನ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಉಜಿರೆಯಲ್ಲಿ ದೊಡ್ಡಮ್ಮ ಇದ್ದರು. ಇಷ್ಟು ಬಿಟ್ಟರೆ ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದು ನಾನು ಪಟ್ಟ ಪ್ರಯತ್ನಕ್ಕೆ ಮಾತ್ರ ಲೆಕ್ಕವಿರಲಿಲ್ಲ. "ಬೊಂಬಾಯಿ ಹೇಗೆ ಉಂಟು ಟೀಚರ್?" ಎಂದರೆ "ಜನ ಜಾಸ್ತಿ" ಎನ್ನುತ್ತಿದ್ದರು. "ಅಲ್ಲಿ ಸ್ನೇಹಿತರು ಯಾರೂ ಇಲ್ವಾ?" ಎಂದರೆ ಸೂಜಿಗೆ ನೂಲು ಪೋಣಿಸಲು ಶುರು ಮಾಡುತ್ತಿದ್ದರು. ಜನರ ವಿಷಯ ಕೆದಕುವುದು ನನಗೆ ಚಿಕ್ಕಂದಿನಿಂದಲೂ ಅಂಟಿದ ಚಾಳಿ. ಹತ್ತು ತಿಂಗಳು ಅಕ್ಕಪಕ್ಕ ಚಾಪೆ ಹಾಸಿ ಮಲಗಿಯೂ ಒಬ್ಬಳ ಕತೆ ತಿಳಿಯಲಿಲ್ಲವಲ್ಲ ಎಂದು ನನಗೆ ಅವಮಾನವೇ ಆಗಿತ್ತು.

ರಜೆಗೆ ನಾನು ಮೂಡುಬಿದಿರೆಗೆ ಬಂದೆ. ಕಮಲಾಕ್ಷಿ ಟೀಚರ್ ಮುಂಡಾಜೆಯಲ್ಲಿಯೇ ಉಳಿದರು. ನಮ್ಮೂರಿನಲ್ಲಿ ಆಗ ಗದ್ದೆಯೊಂದರಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಬಿದ್ದಿತ್ತು. ಒಂದು ದಿನ ಎತ್ತಿನ ಗಾಡಿಗೆ ಎರಡೂ ಕಡೆ ಬೋರ್ಡು ಕಟ್ಟಿ, ಬ್ಯಾಂಡು ಬಾರಿಸುತ್ತಾ ನೋಟೀಸು ಹಂಚಿಕೊಂಡು ಹೋದರು. "ಮೂರನೇ ಮಾಳಿಗೆ. ಬೊಂಬಾಯಿಯಲ್ಲಿರುವ ನಮ್ಮ ಜಿಲ್ಲೆಯ ನಾಲ್ವರು ಯುವಕರು ಸ್ವಂತ ಪ್ರಯತ್ನದಿಂದ ತೆಗೆದ ಕನ್ನಡ ಚಿತ್ರ. ಪ್ರೇಮ! ರಹಸ್ಯ! ಮೂರೇ ದಿನ!" ಎಂದು ಅದರಲ್ಲಿ ಅಚ್ಚಾಗಿತ್ತು. ನಮ್ಮ ಜಿಲ್ಲೆಯ ಹುಡುಗರು ಸಿನಿಮಾ ತೆಗೆದಿದ್ದಾರೆಂದರೆ ಯಾರಿಗೂ ನಂಬಿಕೆ ಬರಲಿಲ್ಲ. ಅದಕ್ಕಾಗಿಯೇ ಎಲ್ಲರೂ ನೋಡಲು ಹೊರಟರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ಆರೂವರೆಯ ಆಟಕ್ಕೆ ಅದೊಂದು ಅನುಕೂಲ. ನಾನು ಮತ್ತು ನನ್ನ ಚಿಕ್ಕಮ್ಮ ಊಟ ಮುಗಿಸಿಕೊಂಡೇ ಹೋಗಿ ಹೆಂಗಸರ ಬೆಂಚಿನಲ್ಲಿ ಕುಳಿತೆವು.

ಅಂತಹ ಸಿನಿಮಾವನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ಅರಮನೆಯಿಲ್ಲ, ಹಾಡಿಲ್ಲ, ಕತ್ತಿಯಿಲ್ಲ. ನಿಜವಾದ ಬೀದಿ, ನಿಜವಾದ ಟ್ರಾಮು, ಸ್ಟೇಶನ್ನಿನಲ್ಲಿ ನೂಕಾಡುವ ನಿಜವಾದ ಜನ. ಕೆಲವರು ನಡೆಯುತ್ತಾ ಹೋಗುವಾಗ ತಿರುಗಿ ಕ್ಯಾಮರಾವನ್ನೇ ನೋಡುತ್ತಿದ್ದರು. ಕತೆ ಸರಳವಾಗಿತ್ತು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಒಬ್ಬ ಯುವಕ. ಅವನ ಕೋಣೆಯ ಎದುರಿನ ಕಟ್ಟಡದ ಮೂರನೇ ಮಾಳಿಗೆಯ ಕಿಟಕಿಯಲ್ಲಿ ಒಬ್ಬಳು ಹುಡುಗಿ ದಿನವೂ ಕುಳಿತು ಬಟ್ಟೆ ಹೊಲಿಯುತ್ತಾಳೆ.

ಕಿಟಕಿಯ ಸರಳುಗಳ ಹಿಂದೆ ಆ ಹುಡುಗಿಯ ಮುಖ ಮೊದಲ ಸಲ ದೊಡ್ಡದಾಗಿ ಬಂದಾಗ ನನ್ನ ಕೈಯಲ್ಲಿದ್ದ ಟಿಕೇಟಿನ ತುಂಡು ಜಾರಿ ಬಿತ್ತು. ಅದು ಕಮಲಾಕ್ಷಿ ಟೀಚರ್ ಮುಖ.

ಹುಡುಗಿ ಮಾತಾಡಿದಳು. ಧ್ವನಿ ಕಮಲಾಕ್ಷಿಯದಲ್ಲ. ಟೀಚರರದು ಸ್ವಲ್ಪ ದಪ್ಪ ಧ್ವನಿ, ಇದು ಕೀರಲು. ಹಾಗಾದರೆ ಇವಳು ಬೇರೆ ಯಾರೋ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಹುಡುಗಿ ನೂಲನ್ನು ಹಲ್ಲಿನಿಂದ ಕಡಿದು, ತಲೆಯನ್ನು ಎಡಕ್ಕೆ ವಾಲಿಸಿ, ಹೊಲಿಗೆಯನ್ನು ಒಂದು ಕಣ್ಣಿನಲ್ಲಿ ನೋಡಿದಳು. ಹತ್ತು ತಿಂಗಳಿಂದ ದಿನವೂ ಚಿಮಿಣಿ ದೀಪದ ಪಕ್ಕದಲ್ಲಿ ನಾನು ಕಂಡದ್ದು ಇದನ್ನೇ. ಮುಖ ಅವರದು, ಅಭ್ಯಾಸ ಅವರದು, ಮಾತು ಮಾತ್ರ ಇನ್ನೊಬ್ಬರದು. ನನಗೆ ತಲೆ ಕೆಟ್ಟುಹೋಯಿತು.

ಅರ್ಧ ಚಿತ್ರ ಆಗುವಾಗ ಹುಡುಗಿ ಕಾಣೆಯಾದಳು. ಕಿಟಕಿ ಮುಚ್ಚಿತ್ತು. ಯುವಕ ಬೊಂಬಾಯಿಯನ್ನೆಲ್ಲ ಹುಡುಕಿದ. ಆಸ್ಪತ್ರೆ, ರೈಲ್ವೆ ಸ್ಟೇಶನ್, ಸಮುದ್ರದ ಬದಿ. ಕೊನೆಗೂ ಅವಳು ಸಿಗಲಿಲ್ಲ. ಮುಚ್ಚಿದ ಕಿಟಕಿಯನ್ನು ತೋರಿಸಿ ಚಿತ್ರ ಮುಗಿಸಿಬಿಟ್ಟರು.

ಜನಕ್ಕೆ ಸಿಟ್ಟು ಬಂತು. "ಮತ್ತೆ ಅವಳು ಎಲ್ಲಿಗೆ ಹೋದದ್ದು? ಅದನ್ನು ಹೇಳದಿದ್ರೆ ಎಂತ ಕತೆ?" ಎಂದು ಗೊಣಗುತ್ತಾ ಎದ್ದರು. "ಹಾಡೂ ಇಲ್ಲ, ಮದುವೆಯೂ ಇಲ್ಲ. ಇವನಿಗೆ ದುಡ್ಡು ಕೊಟ್ಟದ್ದು ದಂಡ ಮಾರಾಯ್ತಿ" ಎಂದರು ಚಿಕ್ಕಮ್ಮ. ಮುಖ ಮತ್ತು ಧ್ವನಿ ಬೇರೆ ಬೇರೆಯಾಗುವುದು ಹೇಗೆ ಎಂಬ ಒಂದೇ ಯೋಚನೆ ನನ್ನನ್ನು ಕೊರೆಯುತ್ತಿತ್ತು.

ಮರುದಿನ ಬೆಳಿಗ್ಗೆ ಪೇಟೆಗೆ ಹೋಗುವ ನೆಪ ಮಾಡಿ, ಚಿಕ್ಕಮ್ಮನನ್ನೂ ಒಪ್ಪಿಸಿ ಜೊತೆಗೆ ಕರೆದುಕೊಂಡು ಟೆಂಟಿನ ಕಡೆ ನಡೆದೆ. ಹೊರಗೆ ಬಿಸಿಲಿನಲ್ಲಿ, ಮಗುಚಿದ ಪೆಟ್ಟಿಗೆಯ ಮೇಲೆ ಮುಂಡು ಉಟ್ಟ ಒಬ್ಬ ಯುವಕ ಕುಳಿತಿದ್ದ. ತುಂಡಾದ ಫಿಲ್ಮನ್ನು ಬ್ಲೇಡಿನಿಂದ ಕೆರೆದು ಅಂಟು ಹಾಕಿ ಜೋಡಿಸುತ್ತಿದ್ದ. ಹತ್ತಿರ ಹೋದಾಗ ಗುರುತು ಸಿಕ್ಕಿತು. ಚಿತ್ರದ ನಾಯಕ ಅವನೇ. ಹಿಂದಿನ ಸಂಜೆ ಬಾಗಿಲಲ್ಲಿ ನಮ್ಮ ಟಿಕೇಟು ಹರಿದು ಕೊಟ್ಟವನೂ ಅವನೇ. ಹೆಸರು ಸದಾನಂದ, ಬಂಟ್ವಾಳದವನು, ಚಿತ್ರದ ಕತೆ ಬರೆದು ನಿರ್ದೇಶನ ಮಾಡಿದ್ದೂ ತಾನೇ ಎಂದು ಹೇಳಿದ. ನಾಲ್ಕು ಜನ ಗೆಳೆಯರು ಬಾಡಿಗೆಯ ಕ್ಯಾಮರಾ ತಂದು ಆದಿತ್ಯವಾರ ಮಾತ್ರ ಚಿತ್ರ ತೆಗೆದಿದ್ದರಂತೆ.

"ಆ ಹುಡುಗಿ ಕೊನೆಗೆ ಎಲ್ಲಿಗೆ ಹೋಗ್ತಾಳೆ?" ಎಂದು ಕೇಳಿದೆ.

ಅವನು ನಕ್ಕ. "ಎಲ್ರೂ ಇದನ್ನೇ ಕೇಳ್ತಾರೆ ಅಕ್ಕ. ಬಂಟ್ವಾಳದಲ್ಲಿ ಮೂರು ದಿನವೂ ಇದೇ ಪ್ರಶ್ನೆ. ನಮಗೇ ಗೊತ್ತಿಲ್ಲ. ಕತೆಯಲ್ಲಿ ಅವಳು ಕಾಣೆಯಾಗುವುದು ಇರಲೇ ಇಲ್ಲ. ಪಾತ್ರ ಮಾಡಿದವರು ಒಂದು ಆದಿತ್ಯವಾರ ಬರಲಿಲ್ಲ. ಅವರ ಚಿಕ್ಕಪ್ಪನ ಕೋಣೆಗೆ ಬೀಗ ಹಾಕಿತ್ತು, ಆ ಮನೆಯವರು ಕೋಣೆ ಬಿಟ್ಟು ಬೇರೆ ಎಲ್ಲಿಗೋ ಹೋಗಿದ್ದರು. ನಾವು ನಾಲ್ಕು ಜನ ಹುಡುಕಲಿಕ್ಕೆ ಹೊರಟೆವು. ಹೋಗುವಾಗ ಕ್ಯಾಮರಾ ಕೈಯಲ್ಲಿತ್ತು. ನೀವು ನೋಡಿದ ಹುಡುಕಾಟ ನಟನೆ ಅಲ್ಲ."

"ಧ್ವನಿ?" ಎಂದೆ.

"ಧ್ವನಿ ಕೊನೆಗೆ ಸೇರಿಸುವುದು. ಅಷ್ಟೊತ್ತಿಗೆ ಅವರಿರಲಿಲ್ಲ. ಗೆಳೆಯನ ತಂಗಿ ಮಾತಾಡಿದ್ದು."

ಒಗಟು ಬಿಡಿಸಿದ ಖುಷಿಯಲ್ಲಿ ನನ್ನ ನಾಲಿಗೆಯ ಮೇಲೆ ಹಿಡಿತ ತಪ್ಪಿತು. "ಅದೇ ನಾನು ನೋಡಿದೆ. ನೂಲು ಕಡಿಯುವಾಗ ಯಾವಾಗಲೂ ತಲೆ ಎಡಕ್ಕೆ ವಾಲಿಸ್ತಾರಲ್ಲ, ಅದು ಸರಿಯಾಗಿ ಬಂದಿದೆ. ಮಾತು ಮಾತ್ರ..."

ಸದಾನಂದನ ಕೈಯಲ್ಲಿದ್ದ ಬ್ಲೇಡು ನಿಂತಿತು. "ಯಾವಾಗಲೂ ಅಂದಿರಿ" ಎಂದ ಮೆಲ್ಲಗೆ. "ವಾಲಿಸ್ತಾರೆ ಅಂದಿರಿ."

ನಾನು ಬಾಯಿ ಮುಚ್ಚಿಕೊಂಡೆ. ಚಿಕ್ಕಮ್ಮ ನನ್ನನ್ನೂ ಅವನನ್ನೂ ಮಿಕಿಮಿಕಿ ನೋಡುತ್ತಿದ್ದರು. ಅವನು ಎದ್ದು ನಿಂತ. ಊರು ಯಾವುದು, ಮನೆ ಎಲ್ಲಿ ಎಂದು ಕೇಳುತ್ತಾನೆ ಎಂದುಕೊಂಡೆ. ಕೇಳಲಿಲ್ಲ.

"ಎಲ್ಲಿ ಅಂತ ಹೇಳುವುದು ಬೇಡ. ಬದುಕಿದ್ದಾರಾ ಅಷ್ಟು ಹೇಳಿ. ರೈಲಿನಿಂದ ಬಿದ್ದವರ ಪಟ್ಟಿಯಲ್ಲೆಲ್ಲ ನೋಡಿದ್ದೆವು ನಾವು."

ನಾನು ಹೌದೆಂದು ತಲೆಯಾಡಿಸಿದೆ. ಅವನು ಮತ್ತೆ ಪೆಟ್ಟಿಗೆಯ ಮೇಲೆ ಕುಳಿತ. ಘಟ್ಟದ ಬುಡದ ಯಾವುದೋ ಊರಿನ ಕಡೆಯವಳು ಎಂದು ಟೀಚರ್ ಒಮ್ಮೆ ಅವನಿಗೆ ಹೇಳಿದ್ದರಂತೆ. ಬೊಂಬಾಯಿಯಲ್ಲಿ ಓಡದ ಚಿತ್ರವನ್ನು ಅವನು ಈ ಕಡೆ ಹೊತ್ತು ತಂದದ್ದು ಅದಕ್ಕೆ. "ಮುಂದಿನ ಶುಕ್ರವಾರದಿಂದ ಬೆಳ್ತಂಗಡಿಯಲ್ಲಿ ಉಂಟು" ಎಂದ.

ಬೆಳ್ತಂಗಡಿ ಎಂದ ಕೂಡಲೇ ನನಗೆ ಹೆದರಿಕೆ ಶುರುವಾಯಿತು. ಮುಂಡಾಜೆಯವರು ಸಿನಿಮಾ ನೋಡಲು ಹೋಗುವುದೇ ಅಲ್ಲಿಗೆ. ಆ ಕಾಲದಲ್ಲಿ ಸಿನಿಮಾದಲ್ಲಿ ಮುಖ ತೋರಿಸಿದ ಹೆಣ್ಣು ಟೀಚರಾಗಿ ಉಳಿಯುವುದೆಂದರೆ ಯೋಚಿಸುವ ಹಾಗಿರಲಿಲ್ಲ. ಮಕ್ಕಳನ್ನು ಶಾಲೆ ಬಿಡಿಸಿಯಾರು. ಕೆಲಸ ಹೋದರೆ ಕಮಲಾಕ್ಷಿ ಟೀಚರಿಗೆ ಬೇರೆ ಗತಿ ಇರಲಿಲ್ಲ. ಮರುದಿನವೇ ಮನೆಯಲ್ಲಿ ಏನೋ ಸುಳ್ಳು ಹೇಳಿ ವೇಣೂರಿನ ಮೇಲಿನಿಂದ ಹೋಗುವ ಬಸ್ಸು ಹತ್ತಿದೆ. ಗುರುವಾಯನಕೆರೆಯಲ್ಲಿ ಒಂದು ಗಂಟೆ ಕಾದು, ಇನ್ನೊಂದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಮುಂಡಾಜೆಗೆ ಮುಟ್ಟಿದೆ.

ಕಮಲಾಕ್ಷಿ ಟೀಚರ್ ಜಗಲಿಯಲ್ಲಿ ಅಕ್ಕಿ ಗೇರುತ್ತಿದ್ದರು. ನಾನು ಚೀಲ ಕೆಳಗಿಡುವ ಮೊದಲೇ ಎಲ್ಲವನ್ನೂ ಹೇಳಿದೆ. ಗೆರಸೆ ಅವರ ಮಡಿಲಿಗೆ ಇಳಿಯಿತು. ಅವರು ಅಳುತ್ತಾರೆ ಎಂದುಕೊಂಡಿದ್ದೆ.

"ಚಿತ್ರ ಹೇಗೆ ಉಂಟು?" ಎಂದರು.

"ಚೆನ್ನಾಗುಂಟು. ಹಾಡಿಲ್ಲ."

"ಮಳೆಯಲ್ಲಿ ನಾನು ಕೊಡೆ ಬಿಡಿಸುವುದು ಉಂಟಾ? ಅದು ಹಾಳಾಯಿತು ಅಂದಿದ್ದರು."

"ಉಂಟು. ಮಾತು ಮಾತ್ರ ನಿಮ್ಮದಲ್ಲ."

ಅದನ್ನು ಕೇಳಿ ಅವರ ಮುಖ ಸಣ್ಣದಾಯಿತು. ಆಮೇಲೆ ಹತ್ತು ತಿಂಗಳು ಹೇಳದ್ದನ್ನು ಅರ್ಧ ಗಂಟೆಯಲ್ಲಿ ಹೇಳಿದರು. ಚಿಕ್ಕಪ್ಪನ ಸಂಸಾರದ ಜೊತೆ ಒಂದೇ ಕೋಣೆಯಲ್ಲಿದ್ದದ್ದು, ಹೊಲಿಗೆ ಕ್ಲಾಸು ಎಂದು ಹೇಳಿ ಆದಿತ್ಯವಾರ ಚಿತ್ರಕ್ಕೆ ಹೋಗುತ್ತಿದ್ದದ್ದು. "ನಾಲ್ಕು ಜನವೂ ಒಳ್ಳೆಯವರು ವನಜಾ ಟೀಚರ್. ಒಂದು ಕೆಟ್ಟ ಮಾತಿಲ್ಲ. ಆದರೆ ಪ್ರತಿ ವಾರ ಚಾ ಕುಡಿಯುತ್ತಾ ಅವರಿಗೆ ಒಂದೇ ಚರ್ಚೆ, ಕೊನೆಗೆ ಈ ಹುಡುಗಿಯನ್ನು ಏನು ಮಾಡುವ ಅಂತ. ಒಬ್ಬ ಸಮುದ್ರಕ್ಕೆ ಹಾರಿಸುವ ಅಂದ. ಇನ್ನೊಬ್ಬ ಮುದುಕನಿಗೆ ಮದುವೆ ಮಾಡಿಸುವ ಅಂದ. ಸದಾನಂದರು ಮಾತ್ರ ಅವಳು ನಾಯಕನ ಜೊತೆಯೇ ಇರಲಿ ಅಂದರು. ನಾನು ಅಲ್ಲೇ ಕೂತಿದ್ದೆ. ಅವಳಿಗೆ ಏನು ಬೇಕು ಅಂತ ನನ್ನ ಹತ್ತಿರ ಯಾರೂ ಕೇಳಲಿಲ್ಲ. ಆ ವಾರವೇ ದೊಡ್ಡಮ್ಮನ ಕಾಗದ ಬಂತು, ಹೊಲಿಗೆ ಟೀಚರ್ ಕೆಲಸ ಖಾಲಿ ಉಂಟು, ಕೂಡಲೇ ಬಾ ಅಂತ. ಸರ್ಟಿಫಿಕೇಟು ಹಿಡಿದುಕೊಂಡು ಹೊರಟೆ."

"ಅವರಿಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಸದಾನಂದರು ಇರಿ ಅಂತಿದ್ದರು. ನಾನು ಇರ್ತಿದ್ದೆ."

ನಾನು ಬಾಯಿ ತಪ್ಪಿ ಆಡಿದ ಮಾತನ್ನೂ ಆಗಲೇ ಒಪ್ಪಿಕೊಂಡೆ. ಅವರಿಗೆ ನಿಜವಾಗಿ ಕೋಪ ಬಂದದ್ದು ಅದಕ್ಕೆ. "ನೀವು ಅಲ್ಲಿ ಹೋಗಿ ಕೇಳಿದ್ದಾದರೂ ಯಾಕೆ?"

"ಅವಳು ಎಲ್ಲಿಗೆ ಹೋದಳು ಅಂತ ಗೊತ್ತಾಗಬೇಕಿತ್ತು."

"ನಾನು ಎಲ್ಲಿದ್ದೇನೆ ಅಂತ ನಿಮಗೆ ಗೊತ್ತಿತ್ತಲ್ಲ ಟೀಚರ್. ನಿಮ್ಮ ಪಕ್ಕದಲ್ಲೇ ಮಲಗ್ತಿದ್ದೆ" ಎಂದರು. ಆ ಸಂಜೆ ಅವರು ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅವರು ಸೀರೆ ಉಟ್ಟು ತಯಾರಾಗಿದ್ದರು. "ಹೆಡ್ಮಾಸ್ಟ್ರ ಮನೆಗೆ ಹೋಗುವ" ಎಂದರು. "ಬೇರೆಯವರು ಹೇಳುವ ಮೊದಲು ನಾನೇ ಹೇಳ್ತೇನೆ."

ಹೆಡ್ಮಾಸ್ಟ್ರು ನಿವೃತ್ತಿಯ ಅಂಚಿನಲ್ಲಿದ್ದ ಸಾಧು ಮನುಷ್ಯ. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. "ನಮ್ಮ ಶಾಲೆಗೆ ಸೇರಿದ ಮೇಲೆ ಮಾಡಿದ್ದಲ್ಲ ತಾನೆ?" ಎಂದು ಕೇಳಿದರು. ಅಲ್ಲ ಎಂದರು ಕಮಲಾಕ್ಷಿ ಟೀಚರ್. "ಹಾಗಾದ್ರೆ ನನ್ನದು ಏನೂ ಇಲ್ಲ. ಆದರೆ ಸಂಚಾಲಕರಿಗೆ ತಿಳಿಸದಿದ್ದರೆ ಆಗುವುದಿಲ್ಲಮ್ಮ."

ಶಾಲೆ ನಡೆಸುತ್ತಿದ್ದ ಸಂಚಾಲಕರು ದೊಡ್ಡ ಜಮೀನ್ದಾರರು, ಮಾತು ಕಡಿಮೆ. ಸೋಮವಾರ ಶಾಲೆ ಶುರುವಾದ ದಿನ ಅವರಿಂದ ಚೀಟಿ ಬಂತು. ತಾವು ಸ್ವತಃ ಚಿತ್ರ ನೋಡಿ ತೀರ್ಮಾನ ಹೇಳುವುದಾಗಿಯೂ, ಅಲ್ಲಿಯವರೆಗೆ ಹೊಲಿಗೆ ಟೀಚರ್ ಶಾಲೆಗೆ ಬರುವುದು ಬೇಡವೆಂದೂ ಬರೆದಿದ್ದರು. ಸುದ್ದಿ ಒಂದೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಬಾವಿಕಟ್ಟೆಯಲ್ಲಿ ನಾವು ಹೋದ ಕೂಡಲೇ ಮಾತು ನಿಲ್ಲುತ್ತಿತ್ತು. ಐದು ದಿನ ಕಮಲಾಕ್ಷಿ ಟೀಚರ್ ಕೋಣೆಯಲ್ಲಿ ಕುಳಿತು ಮಕ್ಕಳ ಅರ್ಧಂಬರ್ಧ ಹೊಲಿದ ಕರವಸ್ತ್ರಗಳನ್ನು ಒಂದೊಂದಾಗಿ ಸರಿ ಮಾಡಿದರು. ನಾನು ತಂದಿಟ್ಟ ಬೆಂಕಿಗೆ ಅವರು ಬೇಯುತ್ತಿದ್ದಾರೆ ಎಂದು ನನಗೆ ದಿನವೂ ಅನ್ನಿಸುತ್ತಿತ್ತು. ಚಿತ್ರ ಬೆಳ್ತಂಗಡಿಗೆ ಹೇಗೂ ಬರುತ್ತಿತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡರೂ ಮನಸ್ಸು ಒಪ್ಪುತ್ತಿರಲಿಲ್ಲ.

ಶನಿವಾರ ಬೆಳ್ತಂಗಡಿಯ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂಡಾಜೆಯ ಅರ್ಧ ಊರೇ ಬಂದಿತ್ತು. ಗಂಡಸರ ಕಡೆ ಕುರ್ಚಿಯಲ್ಲಿ ಸಂಚಾಲಕರು ಶಾಲು ಹೊದ್ದು ಕುಳಿತಿದ್ದರು. ಹೆಡ್ಮಾಸ್ಟ್ರ ಹೆಂಡತಿ, ನಾನು, ನಮ್ಮಿಬ್ಬರ ನಡುವೆ ಕಮಲಾಕ್ಷಿ ಟೀಚರ್. ದೀಪ ಆರಿದ ಮೇಲೆಯೇ ಅವರನ್ನು ಒಳಗೆ ಕರೆತಂದದ್ದು. ಬಾಗಿಲಲ್ಲಿದ್ದ ಸದಾನಂದನ ಕಣ್ಣಿಗೆ ಅವರು ಬಿದ್ದಿರಲಿಲ್ಲ.

ಪರದೆಯ ಮೇಲೆ ಅವರ ಮುಖ ಬಂದಾಗ ಟೆಂಟಿನಲ್ಲಿ ಗುಸುಗುಸು ಎದ್ದಿತು. ನಮ್ಮ ಟೀಚರ್ ಅಲುಗಾಡದೆ ಕುಳಿತಿದ್ದರು. ಸ್ವಲ್ಪ ಹೊತ್ತಿನಲ್ಲಿ ಪಕ್ಕದಿಂದ ಏನೋ ಸದ್ದು ಕೇಳಿಸಿತು. ಕಿವಿಗೊಟ್ಟೆ. ಪರದೆಯ ಹುಡುಗಿ ಮಾತಾಡುವ ಮೊದಲೇ ಅದೇ ಮಾತನ್ನು ಇವರು ಬಾಯೊಳಗೆ ತಮ್ಮ ದಪ್ಪ ಧ್ವನಿಯಲ್ಲಿ ಹೇಳುತ್ತಿದ್ದರು. ಒಂದು ಮಾತೂ ಮರೆತಿರಲಿಲ್ಲ. ಆಮೇಲೆ ನಾನು ಪರದೆಯ ಧ್ವನಿಯನ್ನು ಕೇಳಲೇ ಇಲ್ಲ. ಹುಡುಗಿ ಕಾಣೆಯಾದ ಮೇಲೆ ಇವರೂ ಸುಮ್ಮನಾದರು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ಸದಾನಂದ ಹುಡುಗಿಯ ಹೆಸರು ಕೂಗುತ್ತಾ ಓಡುವುದನ್ನು ಕಂಡಾಗ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ತಾವು ಇಲ್ಲಿಗೆ ಬಂದ ಮೇಲೆ ಅಲ್ಲಿ ಏನಾಯಿತೆಂದು ಅವರು ನೋಡಿದ್ದು ಆಗಲೇ.

ಚಿತ್ರ ಮುಗಿದು ಪೆಟ್ರೋಮ್ಯಾಕ್ಸ್ ಹೊತ್ತಿಸಿದರು. ಜನ ಹೊರಗೆ ಹೋಗಲಿಲ್ಲ. ಎಲ್ಲರೂ ಸಂಚಾಲಕರ ಕಡೆ ನೋಡುತ್ತಿದ್ದರು. ಅವರು ನಿಧಾನಕ್ಕೆ ಎದ್ದು, ಬಾಗಿಲಲ್ಲಿ ನಿಂತಿದ್ದ ಸದಾನಂದನ ಹತ್ತಿರ ಹೋದರು.

"ಅಲ್ಲ ಮಾರಾಯ, ಆ ಹುಡುಗಿ ಎಲ್ಲಿಗೆ ಹೋದದ್ದು?" ಎಂದರು. ಪರೀಕ್ಷೆ ಮಾಡುವ ದನಿಯಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು.

"ಗೊತ್ತಿಲ್ಲ ಧಣಿ" ಎಂದ ಅವನು.

ಕಮಲಾಕ್ಷಿ ಟೀಚರ್ ನನ್ನ ಪಕ್ಕದಿಂದ ಎದ್ದು, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಅವರಿಬ್ಬರ ಎದುರು ನಿಂತರು. "ಮುಂಡಾಜೆಗೆ" ಎಂದರು.

ಸದಾನಂದ ಟೀಚರನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಯಲ್ಲಿದ್ದ ಟಿಕೇಟಿನ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ, ಮತ್ತೆ ಹಿಂದಕ್ಕೆ ದಾಟಿಸಿದ. ಸಂಚಾಲಕರು ಒಮ್ಮೆ ಅವನನ್ನು, ಒಮ್ಮೆ ಇವರನ್ನು ನೋಡಿದರು.

"ಅಲ್ಲಿ ಏನು ಮಾಡಿದಳು?" ಎಂದು ಕೇಳಿದರು.

"ಮಕ್ಕಳಿಗೆ ಹೊಲಿಗೆ ಕಲಿಸಿದಳು" ಎಂದರು ಟೀಚರ್.

ಸಂಚಾಲಕರು ಶಾಲು ಸರಿ ಮಾಡಿಕೊಂಡರು. "ಹಾಗಾದ್ರೆ ಸೋಮವಾರದಿಂದ ಕಲಿಸಲಿ" ಎಂದು ಹೇಳಿ ಹೊರಗೆ ನಡೆದರು. ಹೆಡ್ಮಾಸ್ಟ್ರು ಹಿಂದೆಯೇ ಓಡಿದರು.

ಜನ ಚದುರಿದ ಮೇಲೆ ಅವರಿಬ್ಬರೂ ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಸ್ವಲ್ಪ ಹೊತ್ತು ಮಾತಾಡಿದರು. ಹೆಡ್ಮಾಸ್ಟ್ರ ಹೆಂಡತಿಯ ಜೊತೆ ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. "ಕೊನೆಯ ಭಾಗ ಈಗಲೂ ತೆಗೆಯಬಹುದು" ಎಂದು ಅವನು ಹೇಳಿದ್ದು ಕೇಳಿಸಿತು. "ಬೇಡ. ಹಾಗೇ ಇರಲಿ. ಜನ ಕೇಳ್ತಾ ಇರಲಿ" ಎಂದರು ಇವರು. ಮುಂದೆ ಅವನು ತಗ್ಗಿದ ದನಿಯಲ್ಲಿ ಏನೋ ಕೇಳಿದ. ಟೀಚರ್ ಉತ್ತರ ಕೊಡಲು ತುಂಬ ಹೊತ್ತು ತೆಗೆದುಕೊಂಡರು. ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ನನಗೆ ಎಲ್ಲವೂ ಕೇಳಿಸುತ್ತಿತ್ತು. ನಾನು ಹೆಡ್ಮಾಸ್ಟ್ರ ಹೆಂಡತಿಯ ಕೈ ಹಿಡಿದು ಬಸ್ಸಿನ ಕಡೆಗೆ ತಿರುಗಿದೆ. ನನ್ನ ಜನ್ಮದಲ್ಲಿ ಅಂತಹ ಕೆಲಸ ಮಾಡಿದ್ದು ಅದೇ ಮೊದಲು.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ಹೇಳಲಾರೆ. ಎರಡು ಮನೆಯವರು ಹುಡುಗಿಯರನ್ನು ಹೊಲಿಗೆ ಕ್ಲಾಸಿನಿಂದ ಬಿಡಿಸಿದರು. ಒಬ್ಬಳು ಮುಂದಿನ ವರ್ಷ ತಿರುಗಿ ಬಂದಳು, ಇನ್ನೊಬ್ಬಳು ಬರಲಿಲ್ಲ. ಸದಾನಂದ ಡಬ್ಬಿಗಳನ್ನು ಹೊತ್ತುಕೊಂಡು ಬೊಂಬಾಯಿಗೆ ಹೋದ. ಅವನು ಇನ್ನೊಂದು ಚಿತ್ರ ತೆಗೆದದ್ದು ನಾನು ಕೇಳಲಿಲ್ಲ. ಕಮಲಾಕ್ಷಿ ಟೀಚರ್ ನನ್ನನ್ನು ಕ್ಷಮಿಸಿದರೋ ಇಲ್ಲವೋ ಬಾಯಿಬಿಟ್ಟು ಹೇಳಲಿಲ್ಲ, ಆದರೆ ದೀಪಾವಳಿಗೆ ನನಗೊಂದು ರವಿಕೆ ಹೊಲಿದುಕೊಟ್ಟರು.

ಆಮೇಲೆ ತಿಂಗಳಿಗೊಂದರಂತೆ ಬೊಂಬಾಯಿಯಿಂದ ಅವರಿಗೆ ಕಾಗದ ಬರತೊಡಗಿತು. ಅಂಚೆಯವನು ನನ್ನ ಕೈಯಲ್ಲಿ ಕೊಟ್ಟ ದಿನಗಳೂ ಉಂಟು. ಅವರು ಅದನ್ನು ಓದುವಾಗ ನಾನು ಬಾವಿಗೆ ನೀರಿಗೆ ಹೋಗುತ್ತಿದ್ದೆ. ಎರಡು ವರ್ಷದ ನಂತರ ನಾನು ಮದುವೆಯಾಗಿ ಕಾರ್ಕಳದ ಕಡೆಗೆ ಹೋದೆ. ಅದರ ಮರುವರ್ಷ ಅವರು ಕೆಲಸ ಬಿಟ್ಟರು ಎಂದು ಹೆಡ್ಮಾಸ್ಟ್ರ ಹೆಂಡತಿ ಬರೆದರು. ಎಲ್ಲಿಗೆ ಹೋದರು ಎಂದು ಅವರು ಬರೆಯಲಿಲ್ಲ. ನಾನು ಉತ್ತರ ಬರೆಯುವಾಗ ಮನೆಯವರ ಕ್ಷೇಮ, ಮಳೆ, ಬೆಳೆ ಎಲ್ಲವನ್ನೂ ವಿಚಾರಿಸಿದೆ. ಅದೊಂದನ್ನು ಕೇಳಬೇಕೆಂದು ಪೆನ್ನಿನ ತುದಿಯವರೆಗೂ ಬಂದಿತ್ತು. ಬರೆಯದೆ ಕಾಗದ ಮಡಚಿ ಅಂಚೆಪೆಟ್ಟಿಗೆಗೆ ಹಾಕಿದೆ.